ಸ್ವಂತ ವೆಲ್ಡಿಂಗ್: ರಕ್ಷಣಾ ಉಡುಪು, ಮುನ್ನೆಚ್ಚರಿಕೆ ಮತ್ತು ಮಾಲೀಕರ ಹೊಣೆ

ಹಿಂದೆ ವೆಲ್ಡಿಂಗ್ ಕೆಲಸವೆಂದರೆ ಫ್ಯಾಬ್ರಿಕೇಷನ್ ವರ್ಕ್‌ಶಾಪಿಗೇ ಹೋಗಬೇಕಾಗಿತ್ತು. ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುವ, ಕೈಯಲ್ಲಿ ಹಿಡಿದೊಯ್ಯಬಹುದಾದ ಇನ್ವರ್ಟರ್ ಯಂತ್ರಗಳು ಮಾರುಕಟ್ಟೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಗೋದಾಮಿನ ರ‍್ಯಾಕ್, ಅಂಗಡಿಯ ಶಟರ್, ತಳ್ಳುಗಾಡಿಯ ಚೌಕಟ್ಟು ಮುಂತಾದವುಗಳ ರಿಪೇರಿಯನ್ನು ಮಾಲೀಕರೋ ಅವರ ನೌಕರರೋ ತಾವೇ ಮಾಡಿಕೊಳ್ಳುತ್ತಿದ್ದಾರೆ. ಇದರಿಂದ ಸಮಯ, ಹಣ ಎರಡೂ ಉಳಿಯುತ್ತವೆ ಎಂಬುದು ನಿಜ. ಆದರೆ ಲೆಕ್ಕಪತ್ರ ಪರಿಶೀಲಿಸುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಯಂತ್ರ ಕೊಂಡ ಬಿಲ್ ಇರುತ್ತದೆ, ಕೈಗವಸು, ಏಪ್ರನ್, ಮುಖಗವಚ ಕೊಂಡ ಬಿಲ್ ಇರುವುದಿಲ್ಲ. ಈ ಕೊರತೆ ತರಬಹುದಾದ ದೈಹಿಕ ಹಾಗೂ ಆರ್ಥಿಕ ಹಾನಿಯನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

1. ಕಣ್ಣಿನ ರಕ್ಷಣೆ

ವೆಲ್ಡಿಂಗ್ ಆರ್ಕ್‌ನಿಂದ ಪ್ರಖರ ಬೆಳಕಿನ ಜೊತೆಗೆ ನೇರಳಾತೀತ ಹಾಗೂ ಅವಕೆಂಪು ಕಿರಣಗಳು ಹೊಮ್ಮುತ್ತವೆ. ನೇರಳಾತೀತ ಕಿರಣ ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ. ಆ ಕ್ಷಣಕ್ಕೆ ಏನೂ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ, ಸಾಮಾನ್ಯವಾಗಿ ರಾತ್ರಿಯ ವೇಳೆಗೆ, ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ, ನೀರು ಸುರಿಯುವಿಕೆ, ಬೆಳಕು ನೋಡಲಾಗದ ನೋವು ಆರಂಭವಾಗುತ್ತದೆ. ಬಹುಪಾಲು ಒಂದೆರಡು ದಿನಗಳಲ್ಲಿ ಇದು ಗುಣವಾಗುವುದಾದರೂ, ಪದೇ ಪದೇ ಆಗಲು ಬಿಡುವುದು ಅಪಾಯಕರ.

ಸಾಧಾರಣ ತಂಪು ಕನ್ನಡಕ ಇದಕ್ಕೆ ಪರಿಹಾರವಲ್ಲ. ವೆಲ್ಡಿಂಗ್ ಗಾಜಿಗೆ ಶೇಡ್ ಸಂಖ್ಯೆ ಇರುತ್ತದೆ. ಎಲೆಕ್ಟ್ರೋಡ್ ವೆಲ್ಡಿಂಗಿನಲ್ಲಿ 60ರಿಂದ 160 ಆಂಪಿಯರ್‌ವರೆಗೆ 10ನೇ ಶೇಡ್, 160ರಿಂದ 250 ಆಂಪಿಯರ್‌ವರೆಗೆ 12ನೇ ಶೇಡ್ ಸೂಕ್ತ. ಗ್ಯಾಸ್ ವೆಲ್ಡಿಂಗಿಗೆಂದು ತಂದ 5 ಅಥವಾ 6ನೇ ಶೇಡಿನ ಕನ್ನಡಕವನ್ನು ಆರ್ಕ್ ಕೆಲಸಕ್ಕೆ ಬಳಸಬಾರದು. ಕೈಯಲ್ಲಿ ಹಿಡಿಯುವ ಗುರಾಣಿಗಿಂತ ತಲೆಗೆ ಧರಿಸುವ ಹೆಲ್ಮೆಟ್ ಉತ್ತಮ, ಏಕೆಂದರೆ ಎರಡು ಕೈಗಳೂ ಬಿಡುವಾಗಿರುತ್ತವೆ. ಸ್ಲ್ಯಾಗ್ ಕುಟ್ಟಿ ತೆಗೆಯುವಾಗ ಹೆಲ್ಮೆಟ್ ಮೇಲೆತ್ತಿರುವುದರಿಂದ, ಆಗ ಸಿಡಿಯುವ ಚೂರುಗಳಿಂದ ರಕ್ಷಣೆಗೆ ಬಿಳಿ ಗಾಜಿನ ಸುರಕ್ಷತಾ ಕನ್ನಡಕ ಬೇಕು.

ಕೆಲಸಗಾರನಿಗಿಂತ ಹೆಚ್ಚು ತೊಂದರೆಗೆ ಒಳಗಾಗುವವನು ಪಟ್ಟಿಯನ್ನು ಹಿಡಿದು ನಿಲ್ಲುವ ಸಹಾಯಕ. ಮುಖ ತಿರುಗಿಸಿ ನಿಂತರೆ ಸಾಕೆಂಬ ಭಾವನೆ ತಪ್ಪು; ಗೋಡೆಯಿಂದ ಪ್ರತಿಫಲಿಸಿದ ಕಿರಣವೂ ಹಾನಿ ಮಾಡುತ್ತದೆ. ಅವನಿಗೂ ಒಂದು ಮುಖಗವಚ ಕೊಡಬೇಕು. ದಾರಿಹೋಕರಿಗೆ ಮತ್ತು ಗ್ರಾಹಕರಿಗೆ ಬೆಳಕು ತಾಗದಂತೆ ಬೆಂಕಿ ಹತ್ತದ ಪರದೆಯನ್ನು ಅಡ್ಡ ಕಟ್ಟಬೇಕು.

2. ಉಡುಪು

ಪಾಲಿಯೆಸ್ಟರ್, ನೈಲಾನ್, ಟೆರಿಕಾಟ್ ಬಟ್ಟೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಂಡು ಸುಟ್ಟ ಗಾಯವನ್ನು ಆಳವಾಗಿಸುತ್ತದೆ. ಆದ್ದರಿಂದ ದಪ್ಪ ಹತ್ತಿ ಬಟ್ಟೆಯ ಪೂರ್ಣ ತೋಳಿನ ಅಂಗಿ ಧರಿಸಿ ಕತ್ತಿನವರೆಗೆ ಗುಂಡಿ ಹಾಕಿಕೊಳ್ಳಬೇಕು. ತೆರೆದ ಜೇಬು ಮತ್ತು ಮಡಚಿದ ಪ್ಯಾಂಟಿನ ಅಂಚಿನಲ್ಲಿ ಕಿಡಿ ಕುಳಿತು ಉರಿಯುತ್ತದೆ. ಜೇಬಿನಲ್ಲಿ ಬೆಂಕಿಪೆಟ್ಟಿಗೆಯಾಗಲಿ ಸಿಗರೇಟ್ ಲೈಟರ್ ಆಗಲಿ ಇರಕೂಡದು. ಅಂಗಿಯ ಮೇಲೆ ಚರ್ಮದ ಏಪ್ರನ್, ಮೊಣಕೈಯತ್ತ ಚಾಚುವ ಚರ್ಮದ ಕೈಗವಸು, ಕಾಲಿಗೆ ಕಣಕಾಲು ಮುಚ್ಚುವ ಸುರಕ್ಷತಾ ಬೂಟು ಬೇಕು. ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿದಿರಬೇಕು. ಒಳಗೆ ಸಿಕ್ಕಿಸಿದರೆ ಕಿಡಿ ಬೂಟಿನೊಳಗೆ ಇಳಿಯುತ್ತದೆ. ಲುಂಗಿ, ಹವಾಯಿ ಚಪ್ಪಲಿ ತೊಟ್ಟು ಈ ಕೆಲಸ ಮಾಡುವ ರೂಢಿಯನ್ನು ಮಾಲೀಕರು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

3. ಹೊಗೆ, ವಿದ್ಯುತ್ತು, ಬೆಂಕಿ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಜಿ.ಐ. ಪೈಪಿನ ಸತುವಿನ ಲೇಪನ ಉರಿದು ಬರುವ ಬಿಳಿ ಹೊಗೆಯನ್ನು ಸೇವಿಸಿದರೆ ಕೆಲವು ಗಂಟೆಗಳ ಬಳಿಕ ಚಳಿ ಜ್ವರ ಬರುತ್ತದೆ. ಹಾಲು ಕುಡಿಯುವುದಾಗಲಿ ಬೆಲ್ಲ ತಿನ್ನುವುದಾಗಲಿ ಇದನ್ನು ತಡೆಯಲಾರದು. ಬೆಸುಗೆಯ ಜಾಗದ ಲೇಪನವನ್ನು ಮೊದಲೇ ಉಜ್ಜಿ ತೆಗೆಯಬೇಕು. ಗಾಳಿಯಾಡುವೆಡೆಯಲ್ಲಿ, ಹೊಗೆಯಿಂದ ಮುಖವನ್ನು ದೂರವಿಟ್ಟು ಕೆಲಸ ಮಾಡಬೇಕು. ಮುಖಕ್ಕೆ ಸುತ್ತಿದ ಕರವಸ್ತ್ರ ಈ ಹೊಗೆಯನ್ನು ಸೋಸುವುದಿಲ್ಲ.

ಮಳೆಗಾಲದಲ್ಲಿ ಒದ್ದೆ ನೆಲ, ಬೆವರಿದ ಕೈಗವಸು ಇವು ವಿದ್ಯುದಾಘಾತಕ್ಕೆ ಆಹ್ವಾನವಿದ್ದಂತೆ. ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಇರಬೇಕು. ಹೋಲ್ಡರ್ ಮತ್ತು ಕೇಬಲ್‌ಗಳ ಹೊದಿಕೆ ಒಡೆದಿರಬಾರದು. ಮರಳುವ ಕೇಬಲ್ಲಿನ ಕ್ಲ್ಯಾಂಪನ್ನು ಬೆಸೆಯುವ ವಸ್ತುವಿಗೇ ಹಾಕಬೇಕೇ ಹೊರತು ಕಟ್ಟಡದ ಕಂಬಕ್ಕಾಗಲಿ ನೀರಿನ ಪೈಪಿಗಾಗಲಿ ಅಲ್ಲ.

ವ್ಯಾಪಾರಸ್ಥರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಕಿಡಿಗಳು 10 ಮೀಟರಿನಷ್ಟು ದೂರ ಸಿಡಿಯಬಲ್ಲವು. ಆ ಅಂತರದೊಳಗಿನ ಗೋಣಿಚೀಲ, ರಟ್ಟಿನ ಪೆಟ್ಟಿಗೆ, ಬಟ್ಟೆ, ಥಿನ್ನರ್ ಮೊದಲಾದವನ್ನು ತೆರವು ಮಾಡಬೇಕು. ಬೆಂಕಿನಂದಿಸುವ ಸಿಲಿಂಡರ್ ಮತ್ತು ಮರಳಿನ ಬಕೆಟ್ ಕೈಗೆಟಕುವಂತಿರಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಒಬ್ಬರು ಕಾವಲಿರಬೇಕು. ಗೋಣಿಯೊಳಗೆ ಹೊಕ್ಕ ಕಿಡಿ ನಿಧಾನವಾಗಿ ಹೊಗೆಯಾಡಿ, ಅಂಗಡಿ ಮುಚ್ಚಿದ ಮೇಲೆ ಹೊತ್ತಿಕೊಳ್ಳಬಹುದು. ಎಣ್ಣೆ, ಪೆಟ್ರೋಲ್ ಇದ್ದ ಖಾಲಿ ಡ್ರಮ್ಮಿಗೆ ಎಂದಿಗೂ ಬೆಸುಗೆ ಹಚ್ಚಬೇಡಿ. ಒಳಗೆ ಉಳಿದ ಆವಿ ಸ್ಫೋಟಿಸುತ್ತದೆ.

4. ಹೊಣೆಯ ಲೆಕ್ಕ

1923ರ ನೌಕರರ ಪರಿಹಾರ ಕಾಯ್ದೆಯ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ, 2020 ಎಂಬ ಶಾಸನವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸದ ನಿಮಿತ್ತ ಸಂಭವಿಸಿದ ಅಪಘಾತಕ್ಕೆ ಮಾಲೀಕರು ಪರಿಹಾರ ನೀಡಬೇಕೆಂಬ ತತ್ತ್ವ ಇದರಲ್ಲೂ ಮುಂದುವರಿದಿದೆ. ಇ.ಎಸ್.ಐ. ವ್ಯಾಪ್ತಿಯ ನೌಕರನಿಗಾದರೆ ನಿಗಮವೇ ಸೌಲಭ್ಯ ನೀಡುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿದ್ದು ಆ ವ್ಯಾಪ್ತಿಗೆ ಸೇರದ ಸಂಸ್ಥೆಗಳಲ್ಲಿ ಪೂರ್ಣ ಹೊರೆ ಮಾಲೀಕರದೇ.

ಒಂದು ಉದಾಹರಣೆ ನೋಡೋಣ. 25 ವರ್ಷದ ಸಹಾಯಕನ ಒಂದು ಕಣ್ಣಿನ ದೃಷ್ಟಿ, ಗುಡ್ಡೆಗೆ ವಿರೂಪವಾಗದೆ, ಪೂರ್ತಿಯಾಗಿ ಹೋಯಿತು. ಇನ್ನೊಂದು ಕಣ್ಣು ಸರಿಯಿದೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನ 15,000 ರೂ. ಆಗಿರಲಿ. ಇದರ ಶೇ. 60, ಅಂದರೆ 9,000 ರೂ.ಗಳನ್ನು ಆ ವಯಸ್ಸಿನ ಗುಣಕ 216.91ರಿಂದ ಗುಣಿಸಿದರೆ 19,52,190 ರೂ. ಆಗುತ್ತದೆ. ಇಂಥ ಹಾನಿಗೆ ಅನುಸೂಚಿಯಲ್ಲಿ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 30. ಆದ್ದರಿಂದ ಪರಿಹಾರದ ಮೊತ್ತ 5,85,657 ರೂ. ಸಹಾಯಕನಿಗೆ ಕೊಡಿಸದ ಒಂದು ಮುಖಗವಚದ ಬೆಲೆಯನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬಹುದು. ಆ ಯುವಕ ಕಳೆದುಕೊಂಡ ಕಣ್ಣಿಗೆ ಯಾವ ಗುಣಕವೂ ಇಲ್ಲ.

ಸುರಕ್ಷತೆಗೆಂದು ಸ್ಪಷ್ಟವಾಗಿ ನೀಡಿದ ಆದೇಶವನ್ನು ನೌಕರನು ಉದ್ದೇಶಪೂರ್ವಕವಾಗಿ ಮೀರಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಲ್ಲದ ಪ್ರಕರಣಗಳಲ್ಲಿ ಮಾಲೀಕರಿಗೆ ರಕ್ಷಣೆ ದೊರೆಯಬಹುದು. ಆದರೆ ಆದೇಶವಿತ್ತು, ಸಾಧನ ಕೊಡಲಾಗಿತ್ತು ಎಂಬುದಕ್ಕೆ ದಾಖಲೆ ಬೇಕು. ಆದಕಾರಣ ಲಿಖಿತ ಸೂಚನೆ ಹೊರಡಿಸಿ, ಸಾಧನ ವಿತರಣೆಯ ವಹಿಯಲ್ಲಿ ದಿನಾಂಕದೊಡನೆ ಸಹಿ ಪಡೆಯುವುದು ಸೂಕ್ತ.

ಈ ಸಾಧನಗಳ ಖರ್ಚು ಆದಾಯ ತೆರಿಗೆಯಲ್ಲಿ ವ್ಯವಹಾರದ ವೆಚ್ಚವಾಗಿ ಕಳೆಯಲ್ಪಡುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಜಿ.ಎಸ್.ಟಿ. ಕಟ್ಟುವವರು ಹೂಡುವಳಿ ತೆರಿಗೆ ಜಮೆಯನ್ನೂ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಅದು ಲಭ್ಯವಿಲ್ಲ. ಬಿಲ್ ಸಂಸ್ಥೆಯ ಹೆಸರಿನಲ್ಲಿರಲಿ. ಖರೀದಿಸುವಾಗ ಮುಖ ಹಾಗೂ ಕಣ್ಣಿನ ರಕ್ಷಣಾ ಸಾಧನಗಳಿಗೆ ಸಂಬಂಧಿಸಿದ ಐ.ಎಸ್. 1179 ಮಾನಕದ ಗುರುತನ್ನು ಕೇಳಿ ನೋಡಬೇಕು. ಗೋದಾಮಿನಲ್ಲಿ ವೆಲ್ಡಿಂಗ್ ನಡೆಯುವುದಾದರೆ ಅಗ್ನಿ ವಿಮೆಯ ಷರತ್ತುಗಳನ್ನು ಮೊದಲು ಓದಿ, ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯದು.

ಯಂತ್ರ ಕೊಳ್ಳುವ ದಿನವೇ ಎರಡು ಮುಖಗವಚ, ಎರಡು ಜೊತೆ ಕೈಗವಸು, ಏಪ್ರನ್, ಬೂಟು ಮತ್ತು ಬೆಂಕಿನಂದಿಸುವ ಸಿಲಿಂಡರ್ ಇವನ್ನೂ ಅದೇ ಪಟ್ಟಿಗೆ ಸೇರಿಸಿದರೆ, ಯಂತ್ರದ ನಿಜವಾದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಆ ಬೆಲೆ ತೆರಲು ಸಾಧ್ಯವಾಗದಿದ್ದಲ್ಲಿ, ತರಬೇತಿ ಪಡೆದ ವೆಲ್ಡರ್‌ಗೆ ಕೆಲಸವನ್ನು ಒಪ್ಪಿಸುವುದೇ ಲಾಭದಾಯಕ.