ಪಂಡಿತಾ ರಮಾಬಾಯಿಯವರ ಕೃಪಾಸದನ

ಕೃಪೆ ಎಂಬ ಶಬ್ದ ಕನ್ನಡಕ್ಕೆ ಹೊಸದಲ್ಲ. ದೇವರ ಕೃಪೆ, ಪಾಸಾದೆ ಅಂತ ಎಲ್ಲರೂ ಅನ್ನುತ್ತೇವೆ. ಆದರೆ ಕ್ರೈಸ್ತರಾದ ನಾವು ಈ ಶಬ್ದಕ್ಕೆ ಕೊಡುವ ಅರ್ಥ ತುಸು ಬೇರೆ. ಯೋಗ್ಯತೆ ನೋಡದೆ, ಲೆಕ್ಕ ಕೇಳದೆ ದೇವರು ಮನುಷ್ಯನನ್ನು ತನ್ನವನೆಂದು ಸ್ವೀಕರಿಸುವುದೇ ಕೃಪೆ. ಕಾಮರ್ಸ್ ಓದುವವರಿಗೆ ಇದು ಬೇಗ ಪಚನವಾಗುವ ಮಾತಲ್ಲ. ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಬರೆಯಲೇಬೇಕು, ಇಲ್ಲದಿದ್ದರೆ ತಾಳೆ ಬೀಳುವುದಿಲ್ಲ. ಹಾಗಾದರೆ ಪುಕ್ಕಟೆ ಸಿಕ್ಕ ಕೃಪೆಯ ಋಣ ತೀರಿಸೋದು ಹ್ಯಾಗೆ? ತೀರಿಸಲೇಬೇಕೆಂದರೆ ಅದು ಪುಕ್ಕಟೆ ಹ್ಯಾಗಾಯಿತು?

ಈ ಪ್ರಶ್ನೆಯನ್ನು ವಿಚಾರ ಮಾಡಲು ಪುಣೆಯಲ್ಲಿರುವ ನಮಗೆ ಹತ್ತಿರದಲ್ಲೇ ಒಂದು ಉದಾಹರಣೆಯಿದೆ. ಸೋಲಾಪುರದ ಗಾಡಿ ಹತ್ತಿದರೆ ದೌಂಡಕ್ಕಿಂತ ಮುಂಚೆ ಕೇಡಗಾಂವ್ ಎಂಬ ಸ್ಟೇಶನ್ ಬರುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ ಇರುವುದು ಅಲ್ಲಿ.

ರಮಾಬಾಯಿ ಹುಟ್ಟಿದ್ದು ನಮ್ಮ ನಾಡಿನಲ್ಲೇ, 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮನೆಮಾತು ಮರಾಠಿ, ಕನ್ನಡವೂ ಬರುತ್ತಿತ್ತು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಪಂಡಿತರ ಸಿಟ್ಟು ಕಟ್ಟಿಕೊಂಡವರು. ಮುಂದೆ ಈ ಕುಟುಂಬ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. ಇದ್ದ ಹಣವೆಲ್ಲ ದಾನಧರ್ಮಕ್ಕೆ ಹೋಯಿತು. ಉಪವಾಸ, ಸ್ನಾನ, ಜಪ ಯಾವುದೂ ಬಿಡಲಿಲ್ಲ. ಇಷ್ಟು ಮಾಡಿದರೆ ದೇವರು ಇಷ್ಟು ಕೊಟ್ಟಾನು ಎಂಬ ನಂಬಿಕೆ. ಕಡೆಗೆ 1874ರ ಸುಮಾರಿನ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಜಮಾ ಎಷ್ಟಿದ್ದರೂ ಸಾಲಲಿಲ್ಲ! ಆ ದಿನಗಳನ್ನು ಬಾಯಿಯವರೇ ಮುಂದೆ ಬರೆದಿಟ್ಟಿದ್ದಾರೆ, ಓದುವುದು ಕಷ್ಟ.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ ಅಲ್ಲಿಯೇ ಧರ್ಮಶಾಸ್ತ್ರ ಓದಿದಾಗ, ಹೆಂಗಸರ ಜಾತಿಯೇ ಅಯೋಗ್ಯ ಎಂಬಲ್ಲಿ ಆ ಗ್ರಂಥಗಳೆಲ್ಲ ಒಂದಾಗಿದ್ದದ್ದು ಅವರಿಗೆ ಕಂಡಿತು. ಬಿರುದು ಬಂತು, ಯೋಗ್ಯತೆ ಬರಲಿಲ್ಲ.

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡ ತೀರಿಕೊಂಡ. ಪುಟ್ಟ ಮಗಳು ಮನೋರಮೆಯನ್ನು ಕರಕೊಂಡು ಪುಣೆಗೆ ಬಂದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಫುಲ್‌ಹ್ಯಾಮ್ ಎಂಬಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಒಂದು ಆಶ್ರಯವನ್ನು ನೋಡಿದರು. ಸಮಾಜ 'ಕೆಟ್ಟವರು' ಎಂದು ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಆದರದಿಂದ ನೋಡಿಕೊಳ್ಳುತ್ತಿದ್ದರು. ಇವರನ್ನೇಕೆ ಹೀಗೆ ಸಲಹುತ್ತೀರಿ ಅಂತ ಕೇಳಿದ್ದಕ್ಕೆ, ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಸಮಾರ್ಯದ ಸ್ತ್ರೀಯ ಕಥೆ ಹೇಳಿದರಂತೆ. ಐದು ಗಂಡಂದಿರಾಗಿದ್ದವಳು, ಪರಜಾತಿಯವಳು, ಮಧ್ಯಾಹ್ನ ಬಾವಿಗೆ ನೀರಿಗೆ ಬಂದವಳು. ಯೇಸು ಅವಳ ಹತ್ತಿರ ಕುಡಿಯಲು ನೀರು ಕೇಳಿದ. ನಮ್ಮ ಕಡೆಯ ಹಳ್ಳಿಗಳನ್ನು ಕಂಡವರಿಗೆ ಯಾರು ಯಾರ ಕೈಯ ನೀರು ಕುಡಿಯುತ್ತಾರೆ ಎಂಬುದು ಎಷ್ಟು ದೊಡ್ಡ ಮಾತು ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಅವಳಿಂದ ಮೊದಲು ಒಂದು ಪ್ರಾಯಶ್ಚಿತ್ತ ಮಾಡಿಸಿ ಆಮೇಲೆ ಮಾತಾಡಿದ್ದಲ್ಲ. ಮಾತೇ ಮೊದಲು.

ಅದೇ ವರ್ಷ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಹೊಂದಿದರು. ವಿಶೇಷವೇನೆಂದರೆ, ಸುಮಾರು ಎಂಟು ವರ್ಷದ ಮೇಲೆ ತಮ್ಮನ್ನೇ ತಾವು ಪರೀಕ್ಷಿಸಿಕೊಂಡು, ನನಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬರ್ಥದಲ್ಲಿ ಬರೆದುಕೊಂಡರು. ಧರ್ಮ ಬದಲಾದರೂ ಲೆಕ್ಕದ ಪುಸ್ತಕ ಹಳೆಯದೇ ಉಳಿಯಬಹುದು ಅಂತ ನಾನು ಇದನ್ನು ತಿಳಿದುಕೊಂಡಿದ್ದೇನೆ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಅನ್ನ ಹಾಕಿ ಮತ ಬದಲಿಸಿದರು ಅಂತ ಪುಣೆಯಲ್ಲಿ ಅವರ ಮೇಲೆ ದೂರು ಬಂತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಶಾರದಾ ಸದನದ ಸಲಹಾ ಸಮಿತಿ ಬಿಟ್ಟರು. ಅನೇಕ ಪಾಲಕರು ಹುಡುಗಿಯರನ್ನು ಕರಕೊಂಡು ಹೋದರು. ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಅನ್ನಕ್ಕೆ ಬದಲಾಗಿ ವಿಶ್ವಾಸ ಕೇಳಿದರೆ ಅದು ವ್ಯಾಪಾರವೇ ಹೊರತು ಕೃಪೆಯಲ್ಲ. ಆದರೆ ತಾನು ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುವುದಿಲ್ಲ, ಬರುವವರು ಬರಲಿ ಎಂಬುದು ಬಾಯಿಯವರ ನಿಲುವಾಗಿತ್ತು. ಹಸಿದವರ ಮುಂದೆ ತೆರೆದ ಬಾಗಿಲು ಎಷ್ಟರ ಮಟ್ಟಿಗೆ ಬರೀ ಬಾಗಿಲು? ಈ ಚರ್ಚೆ ನಮ್ಮ ಮಂಡಳದಲ್ಲಿ ನಡೆಯಲಿ.

ನನಗೆ ಮುಖ್ಯ ಅನಿಸಿದ್ದು ಬೇರೆ. 1896-97ರ ಬರದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. 1900ರ ಬರ ಮುಗಿಯುವ ಹೊತ್ತಿಗೆ ಕೇಡಗಾಂವಿನಲ್ಲಿ ಸುಮಾರು 2000 ಜನ. ಅದರೊಳಗೇ, ಬೇರೆಲ್ಲೂ ಜಾಗವಿಲ್ಲದ 'ಕೆಟ್ಟ' ಹೆಂಗಸರಿಗಾಗಿ ಒಂದು ಮನೆ ಮಾಡಿದರು. ಅದರ ಹೆಸರು ಕೃಪಾಸದನ. ಫುಲ್‌ಹ್ಯಾಮಿನಲ್ಲಿ ಕಂಡದ್ದನ್ನು ಫುಲ್‌ಹ್ಯಾಮಿಗೆ ತಿರುಗಿ ಕೊಡಲಿಲ್ಲ. ಆ ಸಿಸ್ಟರುಗಳ ಎಲ್ಲ ಸಿದ್ಧಾಂತವನ್ನು ಒಪ್ಪಲೂ ಇಲ್ಲ, ಪತ್ರಗಳಲ್ಲಿ ಚೆನ್ನಾಗಿ ಜಗಳವಾಡಿದರು! ಸಿಕ್ಕಿದ್ದನ್ನು ಮುಂದಿನವರ ಕೈಗೆ ದಾಟಿಸಿದರು. ಕನ್ನಡ ಸಭೆಗಳಲ್ಲಿ 'ಥ್ಯಾಂಕ್ಸ್' ಅನ್ನುವ ಕಡೆ ನಾವು 'ಸ್ತೋತ್ರ' ಅನ್ನುತ್ತೇವೆ. ಸ್ತೋತ್ರ ಅಂದರೆ ಹೊಗಳಿಕೆ, ಹಣ ಸಂದಾಯವಲ್ಲ. ಸಾಲ ತೀರಿತು ಅಂತ ಯಾರೂ ಸ್ತೋತ್ರ ನಿಲ್ಲಿಸುವುದಿಲ್ಲವಲ್ಲ.

ಕಡೆಯ ವರ್ಷಗಳಲ್ಲಿ ಬಾಯಿ ಹಿಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಸಾವಿರಾರು ಸಂಸ್ಕೃತ ಶ್ಲೋಕ ಬಾಯಿಪಾಠವಿದ್ದವರು ಇಲ್ಲಿ ಸಂಸ್ಕೃತವನ್ನು ಬೇಕೆಂದೇ ದೂರವಿಟ್ಟು, ಹಳ್ಳಿಯ ಹೆಂಗಸರಿಗೆ ತಿಳಿಯುವ ಭಾಷೆ ಹಿಡಿದರು. ಮುಕ್ತಿಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರೂ ಅಲ್ಲಿಯ ಹೆಂಗಸರೇ. ಗುಲಬರ್ಗದಲ್ಲಿ ಶಾಲೆ ನಡೆಸಿದ್ದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ತಾಯಿ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಬೈಬಲು 1924ರಲ್ಲಿ ಅಚ್ಚಾಗಿ ಹೊರಬಂತು.