ಕೈಗಾದ ಕೆಲಸ, ಹೊಟ್ಟೆಯ ಕೂಸು

ಪ್ರಶ್ನೆ: ನನಗೀಗ ನಾಲ್ಕು ತಿಂಗಳು. ನಮ್ಮನೆಯವರು ಕೆಲವು ವರ್ಷಗಳಿಂದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುತ್ತಾರೆ. ಅಪ್ಪನ ಮೈಗೆ ತಾಗಿದ ವಿಕಿರಣದ ಪರಿಣಾಮ ಮಕ್ಕಳಿಗೂ ದಾಟುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ಆಮೇಲೆ ನಿದ್ದೆಯಿಲ್ಲ. ತೆಗೆಸಿಬಿಡಲೇ ಅಂತಲೂ ಅನ್ನಿಸುತ್ತದೆ. ಅವರಿಗೆ ಹೇಳಿದರೆ ನೊಂದುಕೊಳ್ಳುತ್ತಾರೆ.
– ಹೆಸರು ಬೇಡ, ಹೊನ್ನಾವರ

ಉತ್ತರ: ಇಷ್ಟು ದೊಡ್ಡ ಅಂಜಿಕೆಯನ್ನು ಒಬ್ಬರೇ ನುಂಗಿಕೊಂಡು ಕೂತಿದ್ದೀರಿ, ಅದೂ ಬಸುರಿಯಾಗಿ. ಹೆದರಿದ್ದರಲ್ಲಿ ತಪ್ಪೇನಿಲ್ಲ. 2009ರಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಬೆರೆತು ಹಲವು ನೌಕರರ ದೇಹ ಸೇರಿದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಕುಮಟಾ, ಭಟ್ಕಳದ ಮನೆಗಳಲ್ಲೂ ಈ ದಿಗಿಲು ಇದ್ದೀತು. ಹಾಗಾಗಿ ಬಿಡಿಸಿಯೇ ಬರೆಯುತ್ತೇನೆ.

ನೀವು ನೋಡಿದ್ದು ಪೂರಾ ಕಟ್ಟುಕಥೆಯಲ್ಲ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ತಿಳಿಸುವ ರಾಸಾಯನಿಕ ಗುರುತುಗಳು ಜೀವಕೋಶದಲ್ಲಿರುತ್ತವೆ. ಪುಸ್ತಕದ ಅಕ್ಷರ ಹಾಗೇ ಇದ್ದು, ಅಂಚಿನ ಪೆನ್ಸಿಲ್ ಗುರುತು ಮಾತ್ರ ಬದಲಾದಂತೆ ಇವೂ ಬದಲಾಗಬಹುದು. ಇದಕ್ಕೆ ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರೆ. ಗಂಡು ಇಲಿಗಳಿಗೆ ಹೆಚ್ಚಿನ ವಿಕಿರಣ ಕೊಟ್ಟಾಗ ಮರಿಗಳಲ್ಲೂ ಇಂಥದ್ದು ಕಂಡಿದೆ. ಆದರೆ ಮನುಷ್ಯರ ಮಕ್ಕಳಿಗೆ ಹೀಗೆ ಕೇಡಾಗುತ್ತದೆ ಎಂಬುದು ಸಾಬೀತಾಗಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಅಣುಬಾಂಬಿಗೆ ಸಿಕ್ಕಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಸುಮಾರು 77,000 ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ್ದಾರೆ. ಹುಟ್ಟುದೋಷವಾಗಲಿ ಆನುವಂಶಿಕ ಕಾಯಿಲೆಯಾಗಲಿ ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿಲ್ಲ. ಕೇರಳದ ಕೊಲ್ಲಂ ಕಡಲತಡಿಯ ಮರಳಿನಲ್ಲೇ ವಿಕಿರಣ ಹೆಚ್ಚು. ತಲೆತಲಾಂತರದಿಂದ ಜನ ಅಲ್ಲಿ ಮಕ್ಕಳನ್ನು ಹೆತ್ತು ಸಾಕುತ್ತಿದ್ದಾರೆ, ಹುಟ್ಟುದೋಷ ಹೆಚ್ಚಿಲ್ಲ.

ಹಾಗಾಗಿ ತೆಗೆಸುವ ಯೋಚನೆಯನ್ನು ಈ ಹೆದರಿಕೆಯ ಮೇಲೆ ಮಾಡಬೇಡಿ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ದೂರದ ಗ್ರೀಸ್ ದೇಶದಲ್ಲಿ ಎಷ್ಟೋ ತಾಯಂದಿರು ಬರೀ ದಿಗಿಲಿನಿಂದ ಗರ್ಭ ತೆಗೆಸಿಕೊಂಡರು. ಅವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕೂತು ತಿಳಿಸಿ ಹೇಳುವವರು ಸಿಕ್ಕಿದ್ದರೆ ಎಷ್ಟೋ ಕೂಸುಗಳು ಉಳಿಯುತ್ತಿದ್ದವು.

ಇನ್ನೊಂದು ಮಾತು ಖಂಡಿತವಾಗಿ ಹೇಳಬೇಕು. ಯಾವ ಊರಲ್ಲೇ ಆಗಲಿ, ನೂರರಲ್ಲಿ ಎರಡು ಮೂರು ಮಕ್ಕಳು ಏನಾದರೊಂದು ದೋಷದೊಂದಿಗೆ ಹುಟ್ಟುತ್ತವೆ. ನಾಳೆ ಏನೇ ಆದರೂ ಅದನ್ನು ನಿಮ್ಮ ಯಜಮಾನರ ಕೆಲಸದ ತಲೆಗೆ ಕಟ್ಟಬೇಡಿ, ನಿಮ್ಮ ತಲೆಗೂ ಕಟ್ಟಿಕೊಳ್ಳಬೇಡಿ. ನೆರೆಹೊರೆಯವರು ಹಾಗೆ ಅಂದರೂ ಒಪ್ಪಬೇಡಿ.

ಮೊದಲು ಯಜಮಾನರೊಡನೆ ಮಾತಾಡಿ. ಇದೇ ಅಂಜಿಕೆ ಅವರ ಎದೆಯಲ್ಲೂ ಇರಬಹುದು, ನಿಮಗೆ ನೋವಾದೀತೆಂದು ಅವರೂ ಸುಮ್ಮನಿರಬಹುದು. "ನಿಮ್ಮಿಂದ ಹೀಗಾಯಿತು" ಎನ್ನದೆ, "ನನಗೆ ಹೆದರಿಕೆಯಾಗಿದೆ, ಸ್ವಲ್ಪ ಜೊತೆಗೆ ಕೂತುಕೊಳ್ಳಿ" ಎನ್ನಿ. ವಿಕಿರಣವಿರುವ ಜಾಗದಲ್ಲಿ ದುಡಿಯುವವರು ಧರಿಸುವ ಬ್ಯಾಡ್ಜು ತಾಗಿದ ವಿಕಿರಣವನ್ನು ಅಳೆಯುತ್ತದೆ. ಗುತ್ತಿಗೆಯವರಿಗೂ ಅದರ ದಾಖಲೆ ಇಡಬೇಕು. ಆ ಲೆಕ್ಕವನ್ನು ಯಜಮಾನರು ಕೇಳಿ ಪಡೆಯಲಿ. ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ) ದಾಟಬಾರದು ಎಂಬುದು ನಿಯಮ. ಕೈಯಲ್ಲೊಂದು ಅಂಕಿ ಇದ್ದರೆ ಊಹೆಗೆ ಅಷ್ಟು ಜಾಗವಿರುವುದಿಲ್ಲ.

ಹದಿನೆಂಟರಿಂದ ಇಪ್ಪತ್ತು ವಾರದೊಳಗಿನ ಸ್ಕ್ಯಾನ್ ತಪ್ಪಿಸಬೇಡಿ. ಅಲ್ಲಿ ಡಾಕ್ಟರಿಗೆ ಯಜಮಾನರ ಕೆಲಸದ ವಿಷಯ ಮುಚ್ಚಿಡದೆ ಹೇಳಿ. ಆಮೇಲೂ ಸಂಶಯ ಉಳಿದರೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಆನುವಂಶಿಕ ಕಾಯಿಲೆಗಳ ತಜ್ಞರಿದ್ದಾರೆ. ನಿದ್ದೆ ಬಾರದ ರಾತ್ರಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸ್ಕ್ಯಾನಿನ ದಿನ ಯಜಮಾನರೂ ರಜೆ ಹಾಕಿ ನಿಮ್ಮ ಜೊತೆ ಬರಲಿ.