ಹತ್ತಿ ಇಳಿಯುವ ದೋಣಿ: ಹಂಪಿಯ ನದೀತೀರದಿಂದ ಒಂದು ವ್ಯಾಪಾರ ಪಾಠ

ಮಾರಾಟವಾಗದೆ ಉಳಿದ ಬಟ್ಟೆಯ ಥಾನನ್ನು ನಾಳೆ ಮಾರಬಹುದು. ಉಳಿದ ನಟ್ಟು-ಬೋಲ್ಟುಗಳನ್ನು ಮುಂದಿನ ತಿಂಗಳು ಮಾರಬಹುದು. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಖಾಲಿಯಾಗಿ ಹೊರಟ ದೋಣಿಯ ಆಸನವನ್ನು ಹನ್ನೊಂದು ಗಂಟೆಗೆ ಮಾರಲು ಸಾಧ್ಯವಿಲ್ಲ. ದುರಸ್ತಿಗಾರನ ಸಮಯ, ಲಾರಿಯಲ್ಲಿನ ಜಾಗ, ಯಂತ್ರದ ಒಂದು ಪಾಳಿ ಇವೆಲ್ಲವೂ ಇದೇ ಜಾತಿಯ ಸರಕುಗಳು. ಇಂತಹ ಸರಕನ್ನು ಮಾರುವ ಬಗೆಯನ್ನು ಅಭ್ಯಸಿಸಲು ಐತಿಹಾಸಿಕ ನಗರಗಳ ನದಿಗಳಲ್ಲಿ ಸಂಚರಿಸುವ ಪ್ರವಾಸಿ ದೋಣಿಗಿಂತ ಸರಳವಾದ ಉದಾಹರಣೆ ದೊರೆಯುವುದು ಕಷ್ಟ. ಈ ತಿಂಗಳ ಪಾಠಕ್ಕೆ ಅದನ್ನೇ ಆರಿಸಿಕೊಳ್ಳಲಾಗಿದೆ.

ಪದ್ಧತಿಯ ಸ್ವರೂಪ

ಸಾಮಾನ್ಯ ದೋಣಿವಿಹಾರದಲ್ಲಿ ಪ್ರವಾಸಿಯು ಒಂದು ಘಟ್ಟದಲ್ಲಿ ಹತ್ತಿ, ಒಂದು ಸುತ್ತು ಹೊಡೆದು, ಅಲ್ಲಿಯೇ ಇಳಿಯುತ್ತಾನೆ. ಹತ್ತಿ ಇಳಿಯುವ ಪದ್ಧತಿಯಲ್ಲಿ ಆತ ಒಂದು ದಿನದ ಚೀಟಿಯನ್ನು ಕೊಳ್ಳುತ್ತಾನೆ. ದಾರಿಯಲ್ಲಿರುವ ಯಾವ ಘಟ್ಟದಲ್ಲಾದರೂ ಇಳಿದು, ದೇಗುಲವನ್ನೋ ಅರಮನೆಯನ್ನೋ ನೋಡಿ, ಊಟ ಮಾಡಿ, ಮುಂದಿನ ದೋಣಿಯನ್ನು ಹಿಡಿಯಬಹುದು. ಹೆಬ್ಬಾಳದಲ್ಲಿಯೋ ಯಲಹಂಕದಲ್ಲಿಯೋ ಸಿಟಿ ಬಸ್ಸಿನ ದಿನದ ಪಾಸು ಕೊಂಡು ಊರೆಲ್ಲಾ ತಿರುಗಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಪ್ಯಾರಿಸ್ ನಗರದ ಸೇನ್ ನದಿಯಲ್ಲಿ 1989ರಲ್ಲಿ ಆರಂಭವಾದ ಬಾಟೋಬಸ್ ಸೇವೆಯು ಐಫೆಲ್ ಗೋಪುರ, ಲೂವ್ರ್ ವಸ್ತುಸಂಗ್ರಹಾಲಯ, ನೋತ್ರ್ ದಾಮ್ ಮೊದಲಾದ ಘಟ್ಟಗಳನ್ನು ಹೀಗೆ ಜೋಡಿಸುತ್ತದೆ. ನಮ್ಮ ನೆರೆಯ ಕೇರಳದಲ್ಲಿ ಪೆರಿಯಾರ್ ನದೀಮುಖದ ಪ್ರಾಚೀನ ಬಂದರು ಪ್ರದೇಶಕ್ಕಾಗಿ ಅಲ್ಲಿನ ಸರ್ಕಾರವು ಕೈಗೊಂಡ ಮುಜಿರಿಸ್ ಪರಂಪರೆ ಯೋಜನೆಯಲ್ಲಿಯೂ ಕೋಟೆ, ಅರಮನೆ, ಯೆಹೂದಿ ಪ್ರಾರ್ಥನಾ ಮಂದಿರಗಳನ್ನು ಹತ್ತಿ ಇಳಿಯುವ ದೋಣಿಗಳಿಂದ ಜೋಡಿಸುವ ವ್ಯವಸ್ಥೆಯನ್ನು ರೂಪಿಸಲಾಯಿತು. ಈ ಪದ್ಧತಿಯಲ್ಲಿ ಮಾರಾಟವಾಗುವುದು ದೋಣಿಯ ಪ್ರಯಾಣವೊಂದೇ ಅಲ್ಲ. ತನ್ನ ಇಚ್ಛೆಯಂತೆ ಹೊತ್ತು ಕಳೆಯುವ ಸ್ವಾತಂತ್ರ್ಯವೂ ಗ್ರಾಹಕನಿಗೆ ಮಾರಾಟವಾಗುತ್ತದೆ. ಘಟ್ಟದ ಬಳಿಯ ಅಂಗಡಿಕಾರನಿಗೂ ಹೋಟೆಲಿನವನಿಗೂ ಲಾಭ ದೊರೆಯುವುದು ಈ ಸ್ವಾತಂತ್ರ್ಯದಿಂದಲೇ.

ಹಂಪಿಯ ನದಿ

ಕರ್ನಾಟಕದಲ್ಲಿ ಈ ವಿಷಯವನ್ನು ಅಭ್ಯಸಿಸಲು ತಕ್ಕ ಸ್ಥಳವೆಂದರೆ ಹಂಪಿ. ಉತ್ತರ ಬೆಂಗಳೂರಿನವರಿಗೆ ಅದು ಪರಕೀಯವೂ ಅಲ್ಲ. ಯಲಹಂಕದ ನಾಡಪ್ರಭುಗಳು ವಿಜಯನಗರದ ಸಾಮಂತರು. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರು ಆ ರಾಜಧಾನಿಯ ವೈಭವವನ್ನು ಕಂಡು ಪ್ರೇರಿತರಾದರೆಂಬ ಪ್ರತೀತಿ ಇದೆ. ಇಂದಿಗೂ ಹಂಪಿ ಎಕ್ಸ್‌ಪ್ರೆಸ್ ರೈಲು ಯಲಹಂಕ ಮಾರ್ಗವಾಗಿಯೇ ಹೊಸಪೇಟೆಯನ್ನು ತಲುಪುತ್ತದೆ.

1336ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ವಿಜಯನಗರವು 1565ರ ಯುದ್ಧದ ನಂತರ ಪಾಳುಬಿದ್ದಿತು. 1986ರಲ್ಲಿ ಯುನೆಸ್ಕೋ ಅದರ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿರೂಪಾಕ್ಷ ದೇವಾಲಯ, ಚಕ್ರತೀರ್ಥದ ಕೋದಂಡರಾಮ, ಬಂಡೆಯ ಮೇಲಿನ ಕೋಟಿಲಿಂಗ, ಪುರಂದರ ಮಂಟಪ, ವಿಜಯ ವಿಠ್ಠಲ ದೇವಾಲಯ ಇವು ತುಂಗಭದ್ರೆಯ ದಕ್ಷಿಣ ದಂಡೆಯ ಆಸುಪಾಸಿನಲ್ಲಿವೆ. ತಳವಾರಘಟ್ಟದಿಂದ ನದಿ ದಾಟಿದರೆ ಆನೆಗೊಂದಿ. ಅಲ್ಲಿಂದ ದೋಣಿಯಲ್ಲಿ ನಡುಗಡ್ಡೆಯ ನವವೃಂದಾವನ. ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ಕಲ್ಲುಕಂಬಗಳ ಸಾಲುಗಳುಳ್ಳ ವಿರೂಪಾಕ್ಷ ಬಜಾರು, ಅಚ್ಯುತರಾಯನ ಗುಡಿಯ ಬಜಾರು, ವಿಠ್ಠಲ ಬಜಾರುಗಳನ್ನು. ಯಾತ್ರಿಕರು ನಡೆದುಹೋಗುವ ದಾರಿಯಲ್ಲಿಯೇ ಅಂಗಡಿ ಇರಬೇಕೆಂಬ ಸೂತ್ರವನ್ನು ಆ ಕಾಲದವರು ಕಲ್ಲಿನಲ್ಲಿಯೇ ಕಟ್ಟಿ ತೋರಿಸಿದ್ದಾರೆ.

ಇಲ್ಲಿಯ ಸಾಂಪ್ರದಾಯಿಕ ವಾಹನ ಹರಿಗೋಲು. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಬುಟ್ಟಿಯಂತೆ ದುಂಡಾದ, ಚರ್ಮ ಹೊದಿಸಿದ, ಹದಿನೈದು ಇಪ್ಪತ್ತು ಜನರನ್ನು ಹೊರುವ ದೋಣಿಗಳನ್ನು ಕಂಡುದಾಗಿ ಬರೆದಿದ್ದಾನೆ. ಚರ್ಮದ ಸ್ಥಾನದಲ್ಲಿ ಇಂದು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಫೈಬರಿನ ಹರಿಗೋಲುಗಳೂ ಇವೆ. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯು ಪರಂಪರೆಯ ತಾಣಕ್ಕೆ ಧಕ್ಕೆಯೆಂಬ ವಿವಾದಕ್ಕೆ ಗುರಿಯಾಯಿತು. 1999ರಿಂದ 2006ರವರೆಗೆ ಹಂಪಿಯು ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿತ್ತು. ಕೊನೆಗೆ 2009ರ ಜನವರಿಯಲ್ಲಿ ಆ ಸೇತುವೆ ಕುಸಿದುಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಒಂದೇ ಚೀಟಿಯಲ್ಲಿ ಹಲವು ತಾಣಗಳನ್ನು ನೋಡುವ ರೂಢಿಯು ಹಂಪಿಗೆ ಹೊಸದಲ್ಲ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪ್ರವೇಶ ಚೀಟಿಯು ವಿಠ್ಠಲ ದೇವಾಲಯಕ್ಕೂ, ಕಮಲ ಮಹಲಿರುವ ರಾಣೀವಾಸದ ಆವರಣಕ್ಕೂ, ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದೇ ದಿನ ಸಲ್ಲುತ್ತದೆ. ವಿಠ್ಠಲ ದೇವಾಲಯದ ದಾರಿಯಲ್ಲಿ ಬ್ಯಾಟರಿ ವಾಹನಗಳು ಓಡುತ್ತವೆ. ನದಿಯನ್ನೂ ಇಂತಹ ಚೀಟಿಗೆ ಸೇರಿಸಿದರೆ ಏನಾದೀತು ಎಂಬುದೇ ನಮ್ಮ ಅಭ್ಯಾಸದ ಪ್ರಶ್ನೆ. ಬಂಡೆಗಳಿಂದ ತುಂಬಿದ ಈ ನದಿಯಲ್ಲಿ ಉದ್ದಕ್ಕೂ ದೋಣಿ ಸಾಗದು. ಕೆಲವೆಡೆ ದೋಣಿ, ಕೆಲವೆಡೆ ಕಾಲ್ನಡಿಗೆ ಅಥವಾ ವಾಹನ ಎಂದಾಗಬೇಕು. ಮೇಲಾಗಿ ಹಂಪಿಯು ವಿಜಯನಗರ ಜಿಲ್ಲೆಯಲ್ಲಿಯೂ ಆನೆಗೊಂದಿಯು ಕೊಪ್ಪಳ ಜಿಲ್ಲೆಯಲ್ಲಿಯೂ ಇರುವುದರಿಂದ ಎರಡು ಜಿಲ್ಲಾಡಳಿತಗಳ ಒಪ್ಪಿಗೆ ಬೇಕು.

ಲೆಕ್ಕದ ಪರಿಶೀಲನೆ

ಈಗ ಒಂದು ಕಲ್ಪಿತ ಸೇವೆಯನ್ನು ತೆಗೆದುಕೊಳ್ಳೋಣ. ಈ ಅಂಕಿಗಳು ಹಂಪಿಯವಲ್ಲ. ಲೆಕ್ಕದ ಕ್ರಮವನ್ನು ತಿಳಿಯಲು ಮಾತ್ರ ಇಟ್ಟುಕೊಂಡವು.

ನಾಲ್ಕು ಘಟ್ಟಗಳು, ಆರು ದೋಣಿಗಳು, ಪ್ರತಿ ದೋಣಿಗೆ 10 ಆಸನ. ಒಂದು ಸುತ್ತಿಗೆ 90 ನಿಮಿಷ. ಸುತ್ತಿನ ಅವಧಿಯನ್ನು ದೋಣಿಗಳ ಸಂಖ್ಯೆಯಿಂದ ಭಾಗಿಸಿದರೆ 15 ನಿಮಿಷಕ್ಕೊಂದು ದೋಣಿ ಎಂದಾಗುತ್ತದೆ. ಮೂರೇ ದೋಣಿಗಳಿದ್ದರೆ 30 ನಿಮಿಷ. ಅರ್ಧ ಗಂಟೆ ಬಿಸಿಲಿನಲ್ಲಿ ಕಾದ ಪ್ರವಾಸಿಯು ಮತ್ತೊಮ್ಮೆ ಇಳಿಯುವ ಧೈರ್ಯ ಮಾಡುವುದಿಲ್ಲ. ಆದುದರಿಂದ ದೋಣಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಜನಸಂಖ್ಯೆಯ ಜೊತೆಗೆ ಕಾಯುವ ಹೊತ್ತನ್ನೂ ಪರಿಗಣಿಸಬೇಕು.

ದಿನಕ್ಕೆ ಎಂಟು ಗಂಟೆಯಂತೆ ಪ್ರತಿ ದೋಣಿ ಐದು ಸುತ್ತು, ಒಟ್ಟು 30 ಸುತ್ತು, 300 ಆಸನ. ಚೀಟಿ ಪಡೆದವನು ಎಷ್ಟು ಕಡೆ ಇಳಿದರೂ ಒಂದು ದಿನದಲ್ಲಿ ಒಟ್ಟಾರೆ ಒಂದು ಸುತ್ತನ್ನು ಬಳಸುತ್ತಾನೆ. ಜನಸಂದಣಿ ದಿನವಿಡೀ ಸಮನಾಗಿರದ ಕಾರಣ ಶೇ. 60ರಷ್ಟು, ಅಂದರೆ 180 ಚೀಟಿಗಳನ್ನು ಮಾತ್ರ ಮಾರುವುದು ಯುಕ್ತ.

ವೆಚ್ಚ: ಅಂಬಿಗನ ಕೂಲಿ ಮತ್ತು ದೋಣಿಯ ನಿರ್ವಹಣೆಗೆ ತಲಾ ರೂ. 1,500ರಂತೆ ರೂ. 9,000, ಘಟ್ಟದ ಸಿಬ್ಬಂದಿ, ವಿಮೆ ಮೊದಲಾದ ಸ್ಥಿರ ವೆಚ್ಚ ರೂ. 6,000, ಒಟ್ಟು ರೂ. 15,000. ಚೀಟಿಯ ಬೆಲೆ ರೂ. 200 ಆದರೆ 75 ಚೀಟಿಗಳಿಗೆ ವೆಚ್ಚ ಸರಿಹೋಗುತ್ತದೆ. ಅನೇಕರು ಇಲ್ಲಿಗೇ ಲೆಕ್ಕವನ್ನು ನಿಲ್ಲಿಸಿ, ಹೂಡಿಕೆ ಮಾಡಿ, ಕೈಸುಟ್ಟುಕೊಳ್ಳುತ್ತಾರೆ.

ನದಿಗೆ ಮಳೆಗಾಲವುಂಟು. ಹಂಪಿಯು ತುಂಗಭದ್ರಾ ಅಣೆಕಟ್ಟಿನ ಕೆಳಗಿದೆ. ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುತ್ತದೆ, ಹರಿಗೋಲುಗಳು ದಡ ಸೇರುತ್ತವೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಯಾರೂ ನಿರೀಕ್ಷಿಸದ ಪ್ರಮಾಣದಲ್ಲಿ ನೀರು ಹರಿಯಿತು. ವರ್ಷಕ್ಕೆ 90 ದಿನ ಸೇವೆ ನಿಂತರೂ ಸ್ಥಿರ ವೆಚ್ಚ ನಿಲ್ಲದು: ರೂ. 5,40,000. ಅದನ್ನು ಉಳಿದ ಸುಮಾರು 270 ದಿನಗಳಿಗೆ ಹಂಚಿದರೆ ದಿನಕ್ಕೆ ರೂ. 2,000. ಅಂಬಿಗರಿಗೆ ಆ ದಿನಗಳಲ್ಲಿ ತಲಾ ರೂ. 750 ಜೀವನಾಧಾರ ಕೊಟ್ಟರೆ ರೂ. 4,05,000, ಅಂದರೆ ದಿನಕ್ಕೆ ರೂ. 1,500. ಹೀಗೆ ನಿಜವಾದ ದಿನದ ವೆಚ್ಚ ರೂ. 18,500, ಅದನ್ನು ಸರಿದೂಗಿಸಲು 93 ಚೀಟಿಗಳು ಮಾರಾಟವಾಗಬೇಕು. ಅಂಬಿಗನಿಗೆ ಮಳೆಗಾಲದಲ್ಲಿ ಏನೂ ಕೊಡದೆ ಈ ಸಂಖ್ಯೆಯನ್ನು ಇಳಿಸಬಹುದು. ಆದರೆ ನದಿಯ ಸುಳಿ-ಬಂಡೆಗಳನ್ನು ಬಲ್ಲವನು ಬೇರೆ ಕೆಲಸಕ್ಕೆ ಹೋದರೆ ಮುಂದಿನ ಋತುವಿನಲ್ಲಿ ಹುಟ್ಟು ಹಿಡಿಯುವವನು ಹೊಸಬನಾಗಿರುತ್ತಾನೆ.

ಕೊನೆಯ ದೋಣಿಯ ಸಮಸ್ಯೆ

ಪಾಠದ ತಿರುಳು ಇಲ್ಲಿದೆ. ಬೆಳಗಿನಿಂದ ಬೇರೆಬೇರೆ ಘಟ್ಟಗಳಲ್ಲಿ ಇಳಿದವರೆಲ್ಲರೂ ಸಂಜೆ ಒಟ್ಟಿಗೆ ಹಿಂತಿರುಗಲು ಬಯಸುತ್ತಾರೆ. 180 ಜನರಲ್ಲಿ ಅರ್ಧದಷ್ಟು, ಅಂದರೆ 90 ಜನ ಕೊನೆಯ ಗಂಟೆಯಲ್ಲಿ ಬಂದರೆ, ಆ ಗಂಟೆಯಲ್ಲಿ ಹೊರಡುವ ನಾಲ್ಕು ದೋಣಿಗಳಲ್ಲಿ ಇರುವುದು 40 ಆಸನ. ಉಳಿದ 50 ಜನರ ಗತಿಯೇನು?

ಇದಕ್ಕೆ ಮೂರು ದಾರಿಗಳುಂಟು. ಮೊದಲನೆಯದು, ಚೀಟಿಗಳನ್ನು 80ಕ್ಕೆ ಸೀಮಿತಗೊಳಿಸುವುದು. ಆದರೆ 93 ಮಾರದೆ ವೆಚ್ಚ ಹುಟ್ಟದು. ಬೆಲೆಯನ್ನು ರೂ. 250ಕ್ಕೆ ಏರಿಸಿದರೆ 74 ಚೀಟಿಗಳಿಗೆ ಸರಿಹೋದೀತು. ಆಗಲೂ ಉಳಿಯುವುದು ಆರೇ ಚೀಟಿಗಳ ಅಂತರ. ಎರಡನೆಯದು, ದಡದ ರಸ್ತೆಯಲ್ಲಿ ಸಂಜೆಯ ವಾಹನವನ್ನು ಗೊತ್ತುಮಾಡಿ ಅದನ್ನೂ ಅದೇ ಚೀಟಿಯಲ್ಲಿ ಸೇರಿಸುವುದು. ದಿನಕ್ಕೆ ರೂ. 2,000 ಹೆಚ್ಚಾಗಿ ವೆಚ್ಚ ರೂ. 20,500 ಆಗುತ್ತದೆ, 103 ಚೀಟಿಗಳು ಬೇಕು. ಆದರೆ 180ನ್ನೂ ನಿರ್ಭಯವಾಗಿ ಮಾರಬಹುದಾದುದರಿಂದ ಪೂರ್ಣ ಮಾರಾಟದ ದಿನ ರೂ. 15,500 ಉಳಿಯುತ್ತದೆ.

ಮೂರನೆಯ ದಾರಿಗೆ ಯಾವ ಖರ್ಚೂ ಇಲ್ಲ: ಹತ್ತು ಜನರ ದೋಣಿಯಲ್ಲಿ ಹದಿನಾರು ಜನರನ್ನು ಕೂರಿಸುವುದು. ಇದು ಯಾರೂ ಯೋಜಿಸಿ ಮಾಡುವ ಕೆಲಸವಲ್ಲ. ಮೊದಲೆರಡು ದಾರಿಗಳನ್ನು ಬೆಳಿಗ್ಗೆ ಯೋಚಿಸದವನು ಸಂಜೆ ತಾನಾಗಿಯೇ ಇದಕ್ಕೆ ಬಂದು ನಿಲ್ಲುತ್ತಾನೆ. ಘಟ್ಟದಲ್ಲಿ ಕತ್ತಲಾಗುತ್ತಿರುವಾಗ, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬೇಡುತ್ತಿರುವಾಗ, ಇಲ್ಲವೆನ್ನುವ ಹೊಣೆಯನ್ನು ಒಬ್ಬ ಅಂಬಿಗನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆ ಇಲ್ಲವನ್ನು ಬೆಳಿಗ್ಗೆ ಚೀಟಿ ಮಾರುವಲ್ಲಿಯೇ ಹೇಳಬೇಕು.

ಕೂಲಿಯ ಕ್ರಮ

ಅಂಬಿಗನಿಗೆ ತಲೆಯೆಣಿಕೆಯ ಮೇಲೆ ಹಣ ಕೊಟ್ಟರೆ ಆತ ದೋಣಿ ತುಂಬುವವರೆಗೆ ಹೊರಡುವುದಿಲ್ಲ. ತುಂಬಿದ ಮೇಲೂ ಇನ್ನೊಬ್ಬರನ್ನು ಕರೆಯುತ್ತಾನೆ. ಹದಿನೈದು ನಿಮಿಷದ ನಿಯಮವೂ ಕೆಡುತ್ತದೆ, ಸುರಕ್ಷತೆಯೂ ಕೆಡುತ್ತದೆ. ಅದೇ ರೂ. 1,500ನ್ನು ಐದು ಸುತ್ತುಗಳಿಗೆ ಹಂಚಿ, ಸುತ್ತಿಗೆ ರೂ. 300ರಂತೆ ಕೊಟ್ಟರೆ, ಒಬ್ಬರಿರಲಿ ಹತ್ತು ಜನರಿರಲಿ ಆತ ಹೊತ್ತಿಗೆ ಸರಿಯಾಗಿ ಹೊರಡುತ್ತಾನೆ; ಹನ್ನೊಂದನೆಯವರನ್ನು ಕೂರಿಸಲು ಕಾರಣವೇ ಇರುವುದಿಲ್ಲ. ನಗಕ್ಕಿಷ್ಟು ಎಂದು ಕೂಲಿ ಕೊಟ್ಟು ತಿರಸ್ಕೃತ ಮಾಲು ಹೆಚ್ಚಾಯಿತೆಂದು ಕೊರಗುವ ಕಾರ್ಖಾನೆದಾರರು ಇದನ್ನು ಮನನ ಮಾಡಬೇಕು.

ನಮ್ಮ ವ್ಯವಹಾರಕ್ಕೆ ಅನ್ವಯ

ಆರ್.ಟಿ. ನಗರದಲ್ಲಿ ಯುಪಿಎಸ್ ದುರಸ್ತಿಯ ವಾರ್ಷಿಕ ಒಪ್ಪಂದಗಳನ್ನು ಮಾರುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ಆ ಒಪ್ಪಂದವೂ ಒಂದು ಹತ್ತಿ ಇಳಿಯುವ ಚೀಟಿಯೇ. ಗ್ರಾಹಕ ತನಗೆ ಬೇಕಾದಾಗ ಕರೆಯಬಹುದು. ಮೂವರು ದುರಸ್ತಿಗಾರರು ದಿನಕ್ಕೆ 18 ಮನೆಗಳಿಗೆ ಹೋಗಬಲ್ಲರು. ಸಾಮಾನ್ಯ ದಿನಗಳಲ್ಲಿ ಹತ್ತು ಕರೆಗಳು. ಬೇಸಿಗೆಯಲ್ಲಿ ವಿದ್ಯುತ್ ಕೈಕೊಟ್ಟ ದಿನ 60 ಕರೆಗಳು ಬರುತ್ತವೆ. ಅದು ಅವರ ಕೊನೆಯ ದೋಣಿ. ಒಪ್ಪಂದಗಳ ಸಂಖ್ಯೆಯನ್ನು ಆ ದಿನವನ್ನು ನೋಡಿ ನಿರ್ಧರಿಸಬೇಕು. ಇಲ್ಲವೇ ನೆರೆಯ ಸಂಸ್ಥೆಯೊಡನೆ ಮೊದಲೇ ಮಾತಾಡಿಕೊಂಡು ಸಂಜೆಯ ವಾಹನವನ್ನು ಗೊತ್ತುಮಾಡಿಕೊಳ್ಳಬೇಕು.

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಿಂದ ನಿಗದಿತ ವೇಳೆಗೆ ಹೊರಡುವ ಸರಕು ಲಾರಿಗೂ, ತುಂಬಿದ ಮೇಲೆಯೇ ಹೊರಡುವ ಲಾರಿಗೂ ಇರುವ ವ್ಯತ್ಯಾಸ ಇದೇ ಬಗೆಯದು. ಪೀಣ್ಯದಲ್ಲಿಯೋ ಯಲಹಂಕದಲ್ಲಿಯೋ ಜಾಬ್ ವರ್ಕ್ ಮಾಡುವವರು ಯಂತ್ರದ ಗಂಟೆಗಳನ್ನು ತಿಂಗಳ ಕರಾರಿನಲ್ಲಿ ಮಾರುವಾಗ ತಿಂಗಳ ಕೊನೆಯ ವಾರದ ಒತ್ತಡವನ್ನು ಮೊದಲು ಅಳೆಯಬೇಕು.

ನದೀ ಪ್ರವಾಸದಿಂದ ಸಣ್ಣ ಉತ್ಪಾದಕರಿಗೆ ನೇರವಾದ ಅವಕಾಶವೂ ಉಂಟು. ಫೈಬರಿನ ದೋಣಿ, ತೇಲುವ ಕಟ್ಟೆ, ಲೈಫ್ ಜಾಕೆಟ್, ಬ್ಯಾಟರಿ, ಚೀಟಿ ಯಂತ್ರ ಇವೆಲ್ಲವೂ ಬೇಕಾಗುವ ವಸ್ತುಗಳು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೋ ವಿದ್ಯುಚ್ಚಾಲಿತ ದೋಣಿಗಳಿಗೆ ಬೇಡಿಕೆಯುಂಟೆಂದು ತೋರಿಸಿದೆ. ಆದರೆ 1917ರ ಕಾನೂನಿನ ಸ್ಥಾನದಲ್ಲಿ ಬಂದಿರುವ 2021ರ ಒಳನಾಡು ನೌಕಾ ಅಧಿನಿಯಮದ ನೋಂದಣಿ ಮತ್ತು ತಪಾಸಣೆಯ ನಿಯಮಗಳನ್ನು ಓದಿಕೊಳ್ಳದೆ ಈ ಕ್ಷೇತ್ರಕ್ಕೆ ಇಳಿಯುವುದು ಸಲ್ಲದು.

ಅಭ್ಯಾಸಕ್ಕಾಗಿ

1. ನಿಮ್ಮ ವ್ಯವಹಾರದಲ್ಲಿ ಇಂದು ಮಾರದಿದ್ದರೆ ನಾಳೆಗೆ ಉಳಿಯದ ಸರಕು ಯಾವುದು?

2. ವರ್ಷದಲ್ಲಿ ಎಷ್ಟು ದಿನ ನಿಮ್ಮ ನದಿ ಉಕ್ಕಿ ಹರಿಯುತ್ತದೆ? ಆ ದಿನಗಳ ಸ್ಥಿರ ವೆಚ್ಚವನ್ನು ಉಳಿದ ದಿನಗಳ ಬೆಲೆಯಲ್ಲಿ ಸೇರಿಸಿದ್ದೀರಾ?

3. ನಿಮ್ಮ ಕೊನೆಯ ದೋಣಿ ಯಾವ ಹೊತ್ತಿನದು? ಅದರಲ್ಲಿ ಎಷ್ಟು ಆಸನಗಳಿವೆ?

ಮೂರನೆಯ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬರೆಯಬಲ್ಲವರು ಚೀಟಿಗಳನ್ನು ಮಾರಲು ಆರಂಭಿಸಬಹುದು.